ಮೂವತ್ತೆಂಟರ ಸಾಕ್ಷಿ

ಮೊಟ್ಟೆ ಬಿದ್ದ ತಲೆಗೆ ಬಿಸಿನೀರು ಸುರಿಯಬಾರದು ಎಂಬುದು ಲಾ ಪ್ಲಾತಾದಲ್ಲಿ ಪದವಿ ಪಡೆದ ಇಪ್ಪತ್ತೈದರ ಹುಡುಗರಿಗೆಲ್ಲ ಗೊತ್ತಿರುವ ಸಂಗತಿ. ಐವತ್ತೊಂದಕ್ಕೆ ಪದವಿ ಪಡೆದ ನೊಯೆಮಿಗೆ ಅದನ್ನು ಹೇಳುವ ಗೆಳತಿಯರಿರಲಿಲ್ಲ. ತಾಯಿ ಹೇಳಿದ್ದಳು, ಆದರೆ ತಾಯಿ ಹೇಳಿದ್ದನ್ನು ಕೇಳುವ ಅಭ್ಯಾಸ ತಪ್ಪಿ ಎಷ್ಟೋ ವರ್ಷವಾಗಿತ್ತು. ನಿನ್ನೆ ಮಧ್ಯಾಹ್ನ ವಿಶ್ವವಿದ್ಯಾಲಯದ ಮೆಟ್ಟಿಲಿಳಿಯುತ್ತಿದ್ದಂತೆ ಅವಳ ಶಾಲೆಯ ಹುಡುಗಿಯರು, ಜೊತೆಯ ಟೀಚರುಗಳು, ಯಾವತ್ತೂ ಮಾತಾಡಿಸದ ಭೂಗೋಳದ ಮೇಷ್ಟ್ರು ಕೂಡ, ಪದವಿ ಬಂದವರಿಗೆ ಈ ಊರಲ್ಲಿ ಮಾಡುವ ಪದ್ಧತಿಯಂತೆ, ಕೂಗುತ್ತ ಮೊಟ್ಟೆ ಒಡೆದು, ಮೈದಾಹಿಟ್ಟು ಎರಚಿ, ಅವಳನ್ನು ಕರಿಯಲು ಸಿದ್ಧವಾದ ಮೀನಿನಂತೆ ಮಾಡಿ ಬಿಟ್ಟಿದ್ದರು. ಅವಳು ನಕ್ಕಿದ್ದಳು. ಫೋಟೋದಲ್ಲಿ ಆ ನಗುವಿದೆ, ಹಲ್ಲಿಗೆ ಅಂಟಿದ ಹಿಟ್ಟೂ ಇದೆ. ಈಗ ಬೆಳಗಿನ ಬಿಸಿನೀರಿಗೆ ಕೂದಲ ಬುಡದಲ್ಲಿ ಉಳಿದಿದ್ದ ಬಿಳಿಭಾಗ ಬೆಂದು ಗಟ್ಟಿಯಾಗಿತ್ತು. ಅವಳು ಬಾಗಿ ನಿಂತು, ಹೇನು ಹೆಕ್ಕುವವಳಂತೆ, ಚೂರು ಚೂರೇ ಕೀಳುತ್ತಿದ್ದಳು.

"ಬೆಂತಲ್ಲ?" ಬಾಗಿಲಾಚೆಯಿಂದ ಅವಳ ತಾಯಿ, ಪೂರಾ ಎಂದು ಆಕೆಯ ಹೆಸರು, ಕೂಗಿದಳು. "ತಣ್ಣೀರು ಹಾಕ್ಕೊ ಅಂತ ನಿನ್ನೆಯಿಂದ ಬಡ್ಕೊಂಡೆ. ಈಗ ಸ್ವಲ್ಪ ಉಪ್ಪು ಕೊಡ್ಲಾ?"

"ಅಮ್ಮಾ, ಸುಮ್ನಿರು."

"ಪದವೀಧರೆಯಂತೆ. ಮೊಟ್ಟೆ ಬೇಯುತ್ತೆ ಅಂತ ಗೊತ್ತಿಲ್ಲ."

ಆಗಲೇ, ಕಿವಿಯ ಹಿಂದಿನ ಒಂದು ಚೂರು ಉಗುರಿಗೆ ಸಿಕ್ಕಿದಾಗಲೇ, ಯಾವ ಸಂಬಂಧವೂ ಇಲ್ಲದೆ ಅವಳಿಗೆ ಹೊಳೆಯಿತು: ಮೂವತ್ತೆಂಟನ್ನು ಕೇಳಿದರೆ ಅದು ಯಾವಾಗಲೂ ಹೌದೆಂದೇ ಹೇಳುತ್ತದೆ.

ಅವಳು ನೀರು ನಿಲ್ಲಿಸಿದಳು. ನಿಂತ ನೀರಿನ ಮೌನದಲ್ಲಿ ಆ ಯೋಚನೆ ಇನ್ನಷ್ಟು ನಿಚ್ಚಳವಾಯಿತು. ಅವಳ ಸಂಖ್ಯೆ, ನಾಲ್ಕು ವರ್ಷ ಅವಳು ಸಾಕಿದ ಸಂಖ್ಯೆ, ನೋಡಲು ಬಹಳ ಸರಳವಾದದ್ದು. ನಾವು ಹತ್ತರ ಲೆಕ್ಕದಲ್ಲಿ ಎಣಿಸುವಂತೆ ಮೂವತ್ತೆಂಟರ ಲೆಕ್ಕದಲ್ಲಿ ಎಣಿಸಿದರೆ ಅದರಲ್ಲಿ ಒಂದು ಎಂಬ ಅಂಕಿ ಬಿಟ್ಟು ಬೇರೆ ಏನೂ ಇಲ್ಲ. ಒಂದು, ಒಂದು, ಒಂದು, ಪರೇಡಿನಲ್ಲಿ ನಿಂತ ಸೈನಿಕರ ಹಾಗೆ. ಎಷ್ಟು ಒಂದುಗಳು ಎಂಬುದೂ ಒಂದು ಅವಿಭಾಜ್ಯ ಸಂಖ್ಯೆ. ಅದನ್ನೇ ನಮ್ಮ ಹತ್ತರ ಲೆಕ್ಕಕ್ಕೆ ತಂದರೆ ಹದಿನೇಳು ಸಾವಿರ ಅಂಕಿಗಳ, ತಲೆಬುಡವಿಲ್ಲದ, ಮೂರರಲ್ಲಿ ಮುಗಿಯುವ ಸಾಲು. ಈ ಸಾಲನ್ನು ಯಾವುದರಿಂದಲೂ ಒಡೆಯಲಾಗದು, ಇದೊಂದು ಅವಿಭಾಜ್ಯ, ಎಂದು ಅವಳು ನಿನ್ನೆ ಪದವಿಯ ಪ್ರಬಂಧ ಮಂಡಿಸುತ್ತ ಮೂವರು ಪರೀಕ್ಷಕರ ಮುಂದೆ ಹೇಳಿದ್ದಳು. ಇಷ್ಟು ದೊಡ್ಡದನ್ನು ಒಂದೊಂದಾಗಿ ಭಾಗಿಸಿ ನೋಡುವಷ್ಟು ಆಯುಷ್ಯ ಸೂರ್ಯನಿಗೂ ಇಲ್ಲ; ಅದಕ್ಕೇ ಸಾಕ್ಷಿ ಕೇಳುವ ವಿಧಾನವೊಂದಿದೆ. ಯಾವುದಾದರೂ ಒಂದು ಪುಟ್ಟ ಸಂಖ್ಯೆಯನ್ನು ಕರೆದು, ಅದನ್ನು ಅದರಿಂದಲೇ ಗುಣಿಸುತ್ತ ಹೋಗಬೇಕು, ದೊಡ್ಡ ಸಂಖ್ಯೆಗಿಂತ ಒಂದು ಕಡಿಮೆ ಸಲ; ಬಂದದ್ದನ್ನು ದೊಡ್ಡ ಸಂಖ್ಯೆಯಿಂದ ಭಾಗಿಸಬೇಕು. ಒಂದು ಉಳಿದರೆ ಸಾಕ್ಷಿ ಹೌದೆಂದ ಹಾಗೆ. ಒಂದು ಬಿಟ್ಟು ಬೇರೇನು ಉಳಿದರೂ ಅಲ್ಲ, ಖಂಡಿತ ಅಲ್ಲ. ಎರಡನ್ನು ಕರೆಯಬಹುದು, ಮೂರನ್ನು ಕರೆಯಬಹುದು. ಅವಳು ಮೂವತ್ತೆಂಟನ್ನು ಕರೆದಿದ್ದಳು, ಯಾಕೆಂದರೆ ಅದರಿಂದ ಗುಣಾಕಾರ ಸುಲಭ, ಶಾಲೆಯ ಹಳೆಯ ಕಂಪ್ಯೂಟರಿಗೆ ಶ್ರಮ ಕಡಿಮೆ. ಮೂವತ್ತೆಂಟರಿಂದಲೇ ಕಟ್ಟಿದ ಸಂಖ್ಯೆಯ ಬಗ್ಗೆ ಮೂವತ್ತೆಂಟನ್ನೇ ಸಾಕ್ಷಿ ಕೇಳಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು.

ಆವಿ ಹಿಡಿದ ಕನ್ನಡಿಯ ಮೇಲೆ ಬೆರಳಿನಿಂದ ಐದೇ ಐದು ಒಂದುಗಳನ್ನು ಬರೆದು ನೋಡಿದಳು. ಚಿಕ್ಕ ಮರಿ. ಹತ್ತರ ಲೆಕ್ಕದಲ್ಲಿ ಇಪ್ಪತ್ತೊಂದು ಲಕ್ಷದ ನಲವತ್ತೊಂದು ಸಾವಿರದ ನಾನೂರ ತೊಂಬತ್ತೊಂದು. ಎರಡರಿಂದ ಒಂದು ಕಳೆ, ನಾಲ್ಕು ಕೂಡು, ಒಂದು ಕಳೆ, ನಾಲ್ಕು ಕೂಡು, ಒಂಬತ್ತು ಕಳೆ, ಒಂದು ಕೂಡು: ಸೊನ್ನೆ. ಅಂದರೆ ಹನ್ನೊಂದರಿಂದ ನಿಶ್ಶೇಷವಾಗಿ ಭಾಗ ಹೋಗುತ್ತದೆ. ಈ ಉಪಾಯವನ್ನು ಅವಳೇ ಇಪ್ಪತ್ತಾರು ವರ್ಷಗಳಿಂದ ಹದಿಮೂರರ ಮಕ್ಕಳಿಗೆ ಕಲಿಸುತ್ತ ಬಂದಿದ್ದಾಳೆ. ಹೀಗೆ ರಾಜಾರೋಷವಾಗಿ ಹನ್ನೊಂದಕ್ಕೆ ತಲೆಬಾಗುವ ಈ ಮರಿಯ ಬಗ್ಗೆ ಮೂವತ್ತೆಂಟನ್ನು ಕೇಳಿದರೆ? ಐದು ಸಲ ಗುಣಿಸುವಷ್ಟರಲ್ಲೇ ಒಂದು ಉಳಿಯುತ್ತದೆ. ಮುಂದೆ ಐದೈದಾಗಿ ಎಷ್ಟು ಹೋದರೂ ಒಂದೇ. ಮರಿಗಿಂತ ಒಂದು ಕಡಿಮೆಯ ಸಂಖ್ಯೆ ಐದರ ಮಡಿಯಲ್ಲೇ ಬರುತ್ತದೆ. ಹೌದು, ನಮ್ಮ ಹುಡುಗ ಅವಿಭಾಜ್ಯ, ಬಂಗಾರದಂಥವನು, ಎನ್ನುತ್ತದೆ ಮೂವತ್ತೆಂಟು. ಐದು ಒಂದುಗಳಿಗಾದದ್ದೇ ಸಾವಿರಾರು ಒಂದುಗಳಿಗೂ. ವಾದ ಒಂದೂವರೆ ಸಾಲಿನದು. ಕನ್ನಡಿಯಲ್ಲಿ ಬರೆದ ಅಂಕಿಗಳಿಂದ ನೀರಿಳಿದು, ಅವುಗಳ ನಡುವೆ ಬೆಂದ ಮೊಟ್ಟೆ ಮೆತ್ತಿದ ಒಬ್ಬ ಹೆಂಗಸಿನ ಮುಖ ಕಾಣಿಸತೊಡಗಿತು.

ಇದರಲ್ಲಿ ಅವಳನ್ನು ಹೆಚ್ಚು ಚುಚ್ಚಿದ್ದು ತಪ್ಪಲ್ಲ, ಸಂತೋಷ. ಆ ದಿನ ಕಂಪ್ಯೂಟರು ಒಂದು ಎಂದು ತೋರಿಸಿದಾಗ ಅವಳು ಖಾಲಿ ತರಗತಿಯಲ್ಲಿ ಅತ್ತಿದ್ದಳು. ಅದು ಅವಳು ಪರೀಕ್ಷಿಸಿದ ಮೊದಲನೆಯ ದೊಡ್ಡ ಸಂಖ್ಯೆ. ಮೊದಲ ಕಲ್ಲಿಗೇ ಮಾವಿನಹಣ್ಣು ಉದುರಿದರೆ ಮರವನ್ನು ಅನುಮಾನಿಸಬೇಕು ಎಂದು ಬೇರೆ ಯಾರ ವಿಷಯದಲ್ಲಾದರೂ ಅವಳೇ ಹೇಳುತ್ತಿದ್ದಳು. ಗ್ಯಾಸ್ ಆರಿಸಿದೆನೇ ಎಂದು ಮೂರು ಸಲ ಅಡುಗೆಮನೆಗೆ ಹೋಗಿ ಬರುವವಳು, ಬಸ್ಸಿನ ನಂಬರನ್ನು ಡ್ರೈವರನ ಬಾಯಲ್ಲಿ ಕೇಳಿ ಖಚಿತಪಡಿಸಿಕೊಂಡೇ ಹತ್ತುವವಳು, ಜೀವಮಾನದಲ್ಲಿ ಒಂದೇ ಒಂದು ಸಲ ಅದೃಷ್ಟವನ್ನು ನಂಬಿದ್ದಳು. ಪಕ್ಕದ ಇಂಥದೇ ಇನ್ನೊಂದು ಸಂಖ್ಯೆಯ ಬಗ್ಗೆಯೂ ಮೂವತ್ತೆಂಟನ್ನು ಕೇಳಿ ನೋಡೋಣ ಎಂದು ಅನಿಸಿರಲಿಲ್ಲವೇ? ಅನಿಸಿತ್ತು. ಅದಕ್ಕೂ ಹೌದೆಂದುಬಿಟ್ಟರೆ ತನ್ನದರ ಬೆಲೆ ಇಳಿದೀತೆಂದು ಕೇಳಿರಲಿಲ್ಲ. ಕೇಳಿದ್ದರೆ ಅದಕ್ಕೂ ಹೌದೆನ್ನುತ್ತಿತ್ತು, ಮೂರನೆಯದಕ್ಕೂ, ನಾಲ್ಕನೆಯದಕ್ಕೂ, ಆಗ ದಡ್ಡಿಗೂ ಗೊತ್ತಾಗುತ್ತಿತ್ತು. ಜಿಪುಣತನದಿಂದ ಗಣಿತದಲ್ಲಿ ಕೆಟ್ಟವರು ಚರಿತ್ರೆಯಲ್ಲಿ ಬೇರೆ ಯಾರಾದರೂ ಇದ್ದಾರೋ ಇಲ್ಲವೋ.

ಒದ್ದೆ ತಲೆಗೆ ರುಮಾಲು ಕಟ್ಟಿಕೊಂಡು ಬಸ್ಸು ಹತ್ತಿದಳು. ಬೀದಿಯುದ್ದಕ್ಕೂ ಲಿಂಡನ್ ಮರಗಳು ಹೂಬಿಟ್ಟು ನವೆಂಬರ್ ಘಮಗುಡುತ್ತಿತ್ತು. ಅವಳಿಗೆ ಮಾತ್ರ ತನ್ನ ತಲೆಯ ಆಮ್ಲೆಟ್ಟಿನ ವಾಸನೆ. ಈ ಊರಿನ ಬೀದಿಗಳಿಗೆ ಹೆಸರಿಲ್ಲ, ಸಂಖ್ಯೆಗಳಷ್ಟೇ. ಚಿಕ್ಕವಳಿದ್ದಾಗಿನಿಂದ ಬಸ್ಸಿನ ಕಿಟಕಿಯಲ್ಲಿ ಅವನ್ನು ಒಡೆಯುತ್ತ ಹೋಗುವುದು ಅವಳ ಚಟ. ನಲವತ್ತೆರಡು, ಎರಡು ಮೂರಲೆ ಆರು, ಆರೇಳಲೆ. ನಲವತ್ಮೂರು, ಪಾಪ, ಒಂಟಿ. ನಲವತ್ನಾಲ್ಕು. ತಾವಿರುವ ಬೀದಿಯ ಮೂವತ್ತೆಂಟು ಎರಡು ಹತ್ತೊಂಬತ್ತುಗಳಾಗಿ ಒಡೆಯುತ್ತದೆಂದು ತಿಳಿದ ದಿನ ಅವಳು ಅಪ್ಪನ ಮುಂದೆ ಅತ್ತಿದ್ದಳಂತೆ. ನಮ್ಮ ಬೀದಿ ಯಾಕೆ ಒಡೆಯಬೇಕು? ಮೂವತ್ತೇಳರವರದು ಒಡೆಯುವುದಿಲ್ಲವಲ್ಲ. ಅಪ್ಪ ಹೇಳಿದ್ದೇನೋ ನೆನಪಿಲ್ಲ, ಪೆಟ್ರೋಲು ವಾಸನೆಯ ಅವನ ಕೈ ನೆನಪಿದೆ. "ಯಾಕೆ ಮೂವತ್ತೆಂಟು?" ಎಂದು ನಿನ್ನೆ ಬ್ಯೂನಸ್ ಐರಿಸ್‌ನಿಂದ ಬಂದ ಪರೀಕ್ಷಕಿ ಕೇಳಿದ್ದರು. ಅದೊಂದೇ ಸರಿಯಾದ ಪ್ರಶ್ನೆ. ಇನ್ನೊಂದು ಹೆಜ್ಜೆ ಮುಂದಿಟ್ಟಿದ್ದರೆ ಆಕೆ ಕಂಡುಹಿಡಿಯುತ್ತಿದ್ದರು. "ನಮ್ಮ ಮನೆಯಿರೋ ಬೀದಿ, ಮೇಡಂ" ಎಂದಿದ್ದಳು ನೊಯೆಮಿ. ಎಲ್ಲರೂ ನಕ್ಕರು, ಆಕೆಯೂ ನಕ್ಕರು, ಪ್ರಶ್ನೆ ಆ ನಗುವಿನಲ್ಲಿ ಮುಳುಗಿಹೋಯಿತು. ತಾನು ಬೇಕೆಂದೇ ನಗಿಸಿದೆನೇ? ಇಲ್ಲ. ಆದರೆ ತನಗೆ ತಮಾಷೆ ಮಾಡಲು ಬರುವುದಿಲ್ಲ. ಆ ಒಂದು ದಿನ, ಆ ಒಂದು ಪ್ರಶ್ನೆಗೆ ಮಾತ್ರ ಬಂದದ್ದು ಹೇಗೆ?

ಪ್ರಮಾಣಪತ್ರ ಕಿತ್ತುಕೊಳ್ಳುತ್ತಾರೆ. ಶಾಲೆಯಲ್ಲಿ ಗೊತ್ತಾಗುತ್ತದೆ. ಭೂಗೋಳದ ಮೇಷ್ಟ್ರು ಮೊಟ್ಟೆಯ ದುಡ್ಡು ವಾಪಸು ಕೇಳುತ್ತಾರೆ. ಬಸ್ಸು ತಿರುಗಿದಾಗ ಅವಳಿಗೆ ಅನಿಸಿತು: ಇದಾವುದೂ ನಿಜವಾದ ಭಯವಲ್ಲ. ಮೂವತ್ತೆಂಟರ ಸಾಕ್ಷಿ ಬಿದ್ದುಹೋಯಿತು, ನಿಜ. ಆದರೆ ಸುಳ್ಳುಸಾಕ್ಷಿ ಹೇಳಿದ ಮಾತ್ರಕ್ಕೆ ಆರೋಪಿ ಅಪರಾಧಿಯಾಗಬೇಕಿಲ್ಲವಲ್ಲ. ಸಂಖ್ಯೆ ಈಗಲೂ ಅವಿಭಾಜ್ಯ ಇರಬಹುದು. ಎರಡು ಸಾವಿರದಲ್ಲಿ ಒಂದು ಸಂಭವ, ಅವಳು ಆಗಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದ್ದಳು. ಮೂರನ್ನು ಕರೆದು ಕೇಳಿದರೆ ತಿಳಿಯುತ್ತದೆ. ಕೇಳದಿದ್ದರೆ ತಿಳಿಯುವುದಿಲ್ಲ. ಕೇಳಬೇಕೇ ಎಂಬುದೇ ಭಯ.

ಅವಳ ಮಾರ್ಗದರ್ಶಕ ಫೌಸ್ತೋ ಲಾರಾಲ್ದೆಗೆ ಮೂವತ್ನಾಲ್ಕು ವರ್ಷ. ಚಡ್ಡಿ ಹಾಕಿಕೊಂಡು ವಿಶ್ವವಿದ್ಯಾಲಯದ ಕೋಣೆಯಲ್ಲಿ ಕೂತು ಸೋರೆಬುರುಡೆಯಿಂದ ಕೊಳವೆಯಲ್ಲಿ ಮಾಟೆ ಕಷಾಯ ಹೀರುತ್ತಿದ್ದ. ತನ್ನನ್ನು ನೀನು ಎನ್ನಬೇಕೆಂದು ಮೊದಲ ದಿನವೇ ಹೇಳಿದ್ದ. ಅವಳಿಗೆ ಒಗ್ಗಿರಲಿಲ್ಲ, ಹೀಗಾಗಿ ನಾಲ್ಕು ವರ್ಷ ಸರ್ವನಾಮವನ್ನೇ ನುಂಗಿ ಮಾತಾಡಿದ್ದಳು.

"ಬನ್ನಿ ಬನ್ನಿ, ಪದವೀಧರೆ! ಮೊಟ್ಟೆ ಹೋಯ್ತಾ?"

"ಬೆಂತು. ಫೌಸ್ತೋ, ಒಂದು ವಿಷಯ. ನಾನು ಸಂಖ್ಯೆಯನ್ನ ಮೂವತ್ತೆಂಟರಿಂದ ಪರೀಕ್ಷೆ ಮಾಡಿದ್ದು."

"ಹೂಂ."

"ಮೂವತ್ತೆಂಟರಿಂದಲೇ."

ಅವನು ಕೊಳವೆಯನ್ನು ತುಟಿಯಿಂದ ತೆಗೆದ. ಕಣ್ಣುಗಳು ಚಾವಣಿಗೆ ಹೋಗಿ ಬಂದವು. ಅಂಗೈಯಿಂದ ಹಣೆ ಚಚ್ಚಿಕೊಂಡ. ಆಮೇಲೆ ನಗತೊಡಗಿದ.

"ಅಯ್ಯೋ ದೇವ್ರೇ! ಎಂಥ ಚೆಂದದ ತಪ್ಪು! ಹುಡುಗನ ಗುಣ ಹೇಗೆ ಅಂತ ಅವರಮ್ಮನ್ನೇ ಕೇಳಿದ ಹಾಗಾಯ್ತು. ನಾನೂ ಓದಿದೀನಿ, ಆ ಮೂರು ಜನಾನೂ ಓದಿದಾರೆ, ಒಬ್ರಿಗೂ ಹೊಳೀಲಿಲ್ವಲ್ಲ! ಮುಂದಿನ ವರ್ಷ ಕ್ಲಾಸಲ್ಲಿ ಇದನ್ನ ಹೇಳ್ತೀನಿ. ಹೆಸರು ಹೇಳಲ್ಲ, ಹೆದರ್ಬೇಡಿ."

"ಪದವಿ?"

"ಪದವಿಗೇನು?"

"ರದ್ದಾಗಬೇಕಲ್ಲ."

"ಯಾಕೆ? ಪದವಿ ಕೊಟ್ಟಿದ್ದು ಮೂರನೇ ಅಧ್ಯಾಯದ ಪ್ರಮೇಯಕ್ಕೆ. ಅದು ಸರಿಯಾಗೇ ಇದೆ. ಸಂಖ್ಯೆ ಒಂದು ಉದಾಹರಣೆ ಅಷ್ಟೆ, ನೊಯೆಮಿ. ಅದಿಲ್ದಿದ್ರೂ ಕೊಡ್ತಿದ್ವಿ."

ಉದಾಹರಣೆ ಅಷ್ಟೆ. ಮೂರನೇ ಅಧ್ಯಾಯದ ಪ್ರಮೇಯವನ್ನು ಅವಳು ಅವನ ಒತ್ತಾಯಕ್ಕೆ, ಈಸ್ಟರ್ ರಜೆಯಲ್ಲಿ, ಬಟ್ಟೆ ಒಣಗಿಸುತ್ತ ಬರೆದಿದ್ದಳು. ಬೇಸರದ ಪ್ರಮೇಯ, ಸರಿಯಾದ ಪ್ರಮೇಯ, ಯಾರು ಬೇಕಾದರೂ ಬರೆಯಬಹುದಾದದ್ದು. ಶಿಕ್ಷೆಗೆ ಸಿದ್ಧಳಾಗಿ ಬಂದವಳನ್ನು ಹೀಗೆ ಹೆಗಲು ತಟ್ಟಿ ಕಳಿಸಿದರೆ ಅವಳೇನು ಮಾಡಬೇಕು? ಒಂದು ವರ್ಷ ಅವಳ ತರಗತಿಯಲ್ಲಿ ಪುಸ್ತಕದ ಹಿಂದಿನ ಉತ್ತರ ನೋಡಿ ಲೆಕ್ಕವನ್ನು ಹಿಂದುಮುಂದಾಗಿ ಕಟ್ಟಿದ್ದ ಹುಡುಗಿಗೆ ಅವಳು ಸೊನ್ನೆ ಕೊಟ್ಟಿದ್ದಳು. ಉತ್ತರದ ಹತ್ತಿರವೇ ಉತ್ತರ ಕೇಳಬಾರದಮ್ಮ, ಎಂದು ಎಲ್ಲರೆದುರು ಹೇಳಿದ್ದಳು. ಹುಡುಗಿ ಕುತ್ತಿಗೆವರೆಗೆ ಕೆಂಪಾಗಿ ಕೂತಿದ್ದಳು. ಆ ಸೊನ್ನೆಯ ಮುಂದೆ ತನಗೆ ಸಿಕ್ಕಿದ್ದು ಏನು? ಕ್ಷಮೆಯೂ ಅಲ್ಲ. ಕ್ಷಮಿಸಬೇಕಾದರೆ ಮೊದಲು ತಪ್ಪಿಗೆ ಏನಾದರೂ ತೂಕವಿರಬೇಕಲ್ಲ.

"ಒಂದು ಕೆಲ್ಸ ಮಾಡಿ," ಎಂದ ಫೌಸ್ತೋ, ಕಷಾಯದ ಬುರುಡೆಗೆ ಬಿಸಿನೀರು ಬಗ್ಗಿಸಿ ಅವಳ ಕಡೆ ಚಾಚುತ್ತ. "ಗ್ರಂಥಾಲಯಕ್ಕೆ ಕೊಡೋ ಪ್ರತಿಯಲ್ಲಿ ಅವಿಭಾಜ್ಯ ಅನ್ನೋದರ ಹಿಂದೆ ಬಹುಶಃ ಅಂತ ಸೇರಿಸಿಬಿಡಿ. ಸುಳ್ಳೂ ಆಗಲ್ಲ, ಯಾರೂ ಕೇಳೋದೂ ಇಲ್ಲ."

ಬಹುಶಃ. ಅವಳು ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಆ ಪದ ಅವಳಿಗೆ ಹೊಸದಲ್ಲ. ಪಕ್ಕದೂರು ಬೆರಿಸ್ಸೋದ ಔಷಧಿ ಅಂಗಡಿಯವನೊಬ್ಬ ಎಂಟು ವರ್ಷ ಭಾನುವಾರಗಳಲ್ಲಿ ಊಟಕ್ಕೆ ಬರುತ್ತಿದ್ದ. ಅವನು ತನ್ನನ್ನು ಮದುವೆಯಾಗುತ್ತಾನೆಯೇ ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಬರುತ್ತದೆ. ಕೇಳದೆ ಇದ್ದದ್ದರಿಂದ ಎಂಟು ವರ್ಷ ಭಾನುವಾರದ ಊಟ ರುಚಿಯಾಗಿತ್ತು, ಅದೂ ನಿಜವೇ. ಬಹುಶಃ ಎಂದು ಬರೆದರೆ ಹದಿನೇಳು ಸಾವಿರ ಅಂಕಿಗಳ ಆ ಸಾಲು ಗ್ರಂಥಾಲಯದ ಕತ್ತಲಲ್ಲಿ ಎಂದೆಂದಿಗೂ ಬಹುಶಃ ಅಖಂಡವಾಗಿ ಇರುತ್ತದೆ. ಅವಳು ಹಾಸಿಗೆಗೆ ಹೋಗುವಾಗ ಅದನ್ನು ನೆನೆಯಬಹುದು. ಅಮ್ಮ ಬೀದಿಯಲ್ಲಿ ಜಂಬ ಕೊಚ್ಚಬಹುದು. ಯಾರಿಗೂ ನಷ್ಟವಿಲ್ಲ. ನಷ್ಟವಿಲ್ಲದ್ದೇ ಅವಳಿಗೆ ಅವಮಾನವಾಗಿ ಕಂಡಿತು. ಈ ಕೋಣೆಯಲ್ಲಿ, ಈ ಊರಿನಲ್ಲಿ, ಆ ಸಂಖ್ಯೆ ಏನು ಎಂಬುದು ಒಬ್ಬಳಿಗಾದರೂ ಮುಖ್ಯ ಎನ್ನುವುದನ್ನು ತೋರಿಸಲು ಉಳಿದಿರುವ ದಾರಿ ಒಂದೇ, ಅದೂ ಸಂಖ್ಯೆಗೆ ಬಹಳ ಅಪಾಯದ್ದು.

"ಮೂರನ್ನ ಕೇಳೋಣ," ಎಂದಳು.

"ಈಗಲೇ?"

"ನಿನ್ನ ಕಂಪ್ಯೂಟರಲ್ಲಿ." ನೀನು ಎಂಬುದು ಕೊನೆಗೂ ಬಾಯಿಂದ ಬಿದ್ದಿತ್ತು, ಇಂಥ ಹೊತ್ತಿನಲ್ಲಿ.

ಅವನ ಯಂತ್ರ ಅವಳ ಶಾಲೆಯದಕ್ಕಿಂತ ಚುರುಕು. ಒಂದು ಬುರುಡೆ ಕಷಾಯ ಮುಗಿಯುವಷ್ಟರಲ್ಲಿ ತಿಳಿಯುತ್ತದೆ ಎಂದ. ಅವಳು ಬೇಗ ಬೇಗ ಹೀರಿ ನಾಲಗೆ ಸುಟ್ಟುಕೊಂಡಳು. ಪರದೆಯನ್ನು ನೋಡಲಾಗದೆ ಕಿಟಕಿ ನೋಡಿದಳು. ಕೆಳಗೆ ಯಾರದೋ ಪದವಿಗೆ ಯಾರೋ ಡೋಲು ಬಡಿಯುತ್ತಿದ್ದರು. ಎರಡು ಸಾವಿರದಲ್ಲಿ ಒಂದು. ಲಾಟರಿಗಿಂತ ಎಷ್ಟೋ ವಾಸಿ. ಒಂದು ಉಳಿಯಲಿ, ಒಂದು ಉಳಿಯಲಿ ಎಂದು ಬೇಡಿಕೊಳ್ಳುತ್ತಿರುವುದು ತಾನೇ ಎಂದು ತಿಳಿದಾಗ ಅವಳಿಗೆ ನಗು ಬಂತು. ಅದು ಒಡೆಯುತ್ತದೋ ಇಲ್ಲವೋ ಎಂಬುದು ಅವಳೂ ಅವಳ ಬೀದಿಯೂ ಎಣಿಕೆಯೂ ಇಲ್ಲದಾಗಲೇ ತೀರ್ಮಾನವಾಗಿಹೋದ ಸಂಗತಿ. ಹಿಂದಿನದಕ್ಕೆ ಪ್ರಾರ್ಥಿಸುವ ಮೂರ್ಖಳು.

"ನೊಯೆಮಿ," ಎಂದ ಫೌಸ್ತೋ. ಈ ಸಲ ನಗಲಿಲ್ಲ.

ಅವಳು ತಿರುಗಿ ನೋಡಿದಳು. ಒಂದು ಉಳಿದಿರಲಿಲ್ಲ. ಉಳಿದದ್ದು ಪರದೆ ತುಂಬಿ, ಜಾರಿಸಿದಷ್ಟೂ ಕೆಳಗೆ ಜಾರುವ ಅಂಕಿಗಳ ರಾಶಿ. ಅವನು ಐದನ್ನೂ ಕರೆದು ಕೇಳಿದ, ದಾಕ್ಷಿಣ್ಯಕ್ಕೆ. ಅದೂ ಅಲ್ಲವೆಂದಿತು.

"ಯಾವುದರಿಂದ ಒಡೆಯುತ್ತೆ ಅಂತ ಹುಡುಕ್ಬೋದು," ಎಂದ. "ಸಿಗೋದು ಕಷ್ಟ. ಸಿಗದೇ ಇರಬೋದು. ನಮ್ಮ ಕಾಲದಲ್ಲಂತೂ."

"ಗೊತ್ತು," ಎಂದಳು. ಬಹುಶಃ ಎಂಬ ಪದದ ಜಾಗದಲ್ಲಿ ಅಲ್ಲ ಎಂದು ಬರೆಯುತ್ತೇನೆ, ಪ್ರತಿ ನಾಳೆ ತರುತ್ತೇನೆ ಎಂದಳು. ಅವನು ಎದ್ದು ನಿಂತು ಕೆನ್ನೆಗೆ ಮುತ್ತಿಟ್ಟು, ಮೂಗು ಸುಕ್ಕಿಸಿ, "ಇನ್ನೂ ಸ್ವಲ್ಪ ಮೊಟ್ಟೆ ಇದೆ," ಎಂದ.

ಮನೆಯಲ್ಲಿ ತಾಯಿ ಈರುಳ್ಳಿ ಹುರಿಯುತ್ತಿದ್ದಳು. ಆಕೆಗೆ ಎಪ್ಪತ್ತೆಂಟು; ಕಳೆದ ಒಂದು ತಿಂಗಳಿಂದ ತಮ್ಮ ಮೂವತ್ತೆಂಟನೇ ಬೀದಿಯ ಹೆಸರಲ್ಲಿ ಮಗಳೊಂದು ಸಂಖ್ಯೆ ಮಾಡಿದ್ದಾಳೆಂದೂ ಅದನ್ನು ದೇವರೇ ಬಂದರೂ ಒಡೆಯಲಾಗದೆಂದೂ ಸಿಕ್ಕಿದವರಿಗೆಲ್ಲ ಹೇಳಿ ಮುಗಿಸಿದ್ದಳು.

"ಅಮ್ಮಾ, ಅದು ಒಡೆಯುತ್ತೆ," ಎಂದಳು ನೊಯೆಮಿ ಬಾಗಿಲಲ್ಲೇ ನಿಂತು.

"ಯಾವ್ದು?"

"ನನ್ನ ಸಂಖ್ಯೆ. ತಪ್ಪು ಮಾಡಿದ್ದೆ. ಪದವಿ ಹೋಗಲ್ಲ. ಸಂಖ್ಯೆ ಹೋಯ್ತು."

ಪೂರಾ ಸೌಟು ಹಿಡಿದೇ ತಿರುಗಿದಳು. "ಯಾವುದ್ರಿಂದ ಒಡೆಯುತ್ತೆ?"

"ಗೊತ್ತಿಲ್ಲ."

"ಗೊತ್ತಿಲ್ದೆ ಒಡೆಯುತ್ತೆ ಅಂತ ಹೇಗೆ ಹೇಳ್ತೀಯೇ?"

"ಹೇಳಬಹುದು. ಒಳಗೆ ಕನಿಷ್ಠ ಇಬ್ಬರಿದ್ದಾರೆ ಅನ್ನೋದು ಖಂಡಿತ. ಯಾರು ಅಂತ ಯಾರಿಗೂ ಗೊತ್ತಿಲ್ಲ."

ಈರುಳ್ಳಿ ಸೀಯತೊಡಗಿತು. "ಅಂದ್ರೆ ಒಂಟಿ ಅಂತ ಊರಿಗೆಲ್ಲ ಹೇಳ್ಕೊಂಡು ಓಡಾಡ್ತಿತ್ತು, ಮನೆಯೊಳಗೆ ಯಾರನ್ನೋ ಇಟ್ಕೊಂಡಿತ್ತು."

"ಹೆಚ್ಚೂ ಕಡಿಮೆ."

"ನಿನಗಿಂತ ಜಾಣ," ಎಂದಳು ಪೂರಾ, ಒಲೆಯ ಕಡೆ ತಿರುಗಿ. ಬೆನ್ನು ಅಲುಗುತ್ತಿತ್ತು, ನಗುತ್ತಿದ್ದಾಳೋ ಹೇಗೋ ಗೊತ್ತಾಗಲಿಲ್ಲ. ಕೊನೆಗೆ, ತಿರುಗದೆಯೇ ಹೇಳಿದಳು: "ನಾನಂತೂ ಬೀದಿಯವರಿಗೆ ಹೇಳಲ್ಲ ಮಗಳೇ. ನಂಗೆ ಬಾಯಿ ಬರಲ್ಲ. ನೀನೇ ಹೋಗಿ ಹೇಳು. ಬರ್ತಾ ನಾಲ್ಕು ಗುಂಡು ಸೋರೆಕಾಯಿ ತಗೊಂಡು ಬಾ."

ಮೂಲೆಯ ತರಕಾರಿ ಅಂಗಡಿಯಲ್ಲಿ ಐದಾರು ಜನರ ಸಾಲಿತ್ತು. ಅಂಗಡಿಯ ಕ್ರಿಸ್ಪೀನ್, ಬೊಲಿವಿಯಾದಿಂದ ಬಂದು ನೆಲೆಸಿದವನು, ಟೊಮೇಟೊ ತೂಗುತ್ತಿದ್ದವನು ತಲೆಯೆತ್ತಿ, "ಬನ್ನಿ ಟೀಚರ್, ಹೇಗಿದೆ ನಮ್ಮ ಬೀದಿ ಸಂಖ್ಯೆ?" ಎಂದ. ಎಲ್ಲರೂ ತಿರುಗಿದರು. ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿಕೊಂಡು ಬಂದಿದ್ದಳು: ಸಾಕ್ಷಿ ಎಂದರೇನು, ಒಬ್ಬ ಸಾಕ್ಷಿ ಯಾಕೆ ಸಾಲದು, ಐದು ಒಂದುಗಳ ಉದಾಹರಣೆ, ಬೇಕಾದರೆ ಹನ್ನೊಂದರ ಉಪಾಯ.

"ಇಲ್ಲ," ಎಂದಳು. "ಅದು ಹೋಯ್ತು. ಒಡೆದುಹೋಯ್ತು."

ಕ್ರಿಸ್ಪೀನ್ ತಕ್ಕಡಿಯಿಂದ ಕೈ ತೆಗೆದ. ಸಾಲಿನಲ್ಲಿದ್ದ ನಿವೃತ್ತ ರೈಲ್ವೆ ಗಾರ್ಡ್ ಅಬೆಲಾರ್ದೋ ತಲೆಯ ಟೋಪಿ ತೆಗೆದು ಎದೆಗೆ ಹಿಡಿದರು.

"ಯಾವಾಗ?" ಎಂದರು ಮೆಲ್ಲಗೆ.

"ಇವತ್ತು ಬೆಳಿಗ್ಗೆ."

"ಅಯ್ಯೋ ಪಾಪ. ಅಷ್ಟು ದೊಡ್ಡದಾಗಿ ಬೆಳೆಸಿದ್ರಿ. ಏನಾದ್ರೂ ಮಾಡ್ಬೋದಿತ್ತೇನಮ್ಮ?"

"ಇಲ್ಲ, ಅಬೆಲಾರ್ದೋ ಅವರೇ. ಮೊದಲಿಂದಲೂ ಇತ್ತು. ನಮಗೆ ಗೊತ್ತಾಗಲಿಲ್ಲ."

"ನಮ್ಮ ಯಜಮಾನ್ರಿಗೂ ಹಾಗೇ," ಎಂದಳು ಪಕ್ಕದ ಮನೆಯ ಇರ್ಮಾ. ಬುಟ್ಟಿ ಕೆಳಗಿಟ್ಟು, ನೊಯೆಮಿಯ ಕೆನ್ನೆಗೆ ತನ್ನ ಕೆನ್ನೆ ಒತ್ತಿ, ಭುಜ ಹಿಡಿದು ನಿಂತಳು. ಹದಿನೇಳು ಸಾವಿರ ಅಂಕಿಗಳಲ್ಲಿ ಒಂದನ್ನೂ ಕಾಣದವಳು. ತಮಾಷೆಯಿದೆಯೇ ಎಂದು ಅವಳ ಮುಖದಲ್ಲಿ ಹುಡುಕಿದಳು ನೊಯೆಮಿ. ಹುಡುಕುವುದು ಅವಳ ಕಸುಬು. ತಮಾಷೆ ಸಿಗಲಿಲ್ಲ. ಆಗ, ಬೆಳಗಿನಿಂದ ಎಲ್ಲಿಯೂ ಬರದಿದ್ದ ಅಳು, ಸೊಪ್ಪು ಸೋರೆಗಳ ನಡುವೆ, ಮೂಗಿನಿಂದ ಮೊದಲಾಗಿ ಬಂತು. ಕ್ರಿಸ್ಪೀನ್ ಪೇಪರ್ ಹರಿದು ಕೊಟ್ಟ. ಸಾಲಿನವರು ಒಬ್ಬರನ್ನೊಬ್ಬರು ನೋಡಿಕೊಂಡು, ಸಾವಿನ ಮನೆಯವರಿಗೆ ಬಿಡುವ ಹಾಗೆ, ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟರು. ಬ್ಯಾಂಕಿನಲ್ಲಾಗಲಿ ಬಸ್‌ಸ್ಟಾಪಿನಲ್ಲಾಗಲಿ ಒಂದು ದಿನವೂ ಇನ್ನೊಬ್ಬರ ಸರದಿ ದಾಟದವಳು ನೊಯೆಮಿ. ಇದು ಸರಿಯಲ್ಲ, ಹೇಳಬೇಕು, ಇವರಿಗೆ ವಿವರಿಸಬೇಕು ಎಂದುಕೊಳ್ಳುತ್ತಲೇ, ಎಲ್ಲರಿಗಿಂತ ಮುಂದೆ ಹೋಗಿ ನಿಂತಳು.